ಚುಕ್ಕೆ ನಿಲ್ಲಬಾರದು

ಹೊಸಕೋಟೆಯಲ್ಲಿ ಹಳೆ ಮದ್ರಾಸ್ ರಸ್ತೆಯಿಂದ ಸ್ವಲ್ಪ ಒಳಗೆ, ಒಂದು ಮನೆಯ ಹಿಂಬದಿಯಲ್ಲಿ ಶೀಟು ಹೊದಿಸಿದ ಕೊಠಡಿಯಿದೆ. ಮೊದಲು ಅಲ್ಲಿ ದ್ರಾಕ್ಷಿ ತುಂಬುವ ಪೆಟ್ಟಿಗೆಗಳನ್ನು ಇಡುತ್ತಿದ್ದರಂತೆ. ಈಗ ಅಲ್ಲಿರುವುದು ವಿದ್ಯುತ್ತಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಹಳೆಯ ಆಸಿಲೋಸ್ಕೋಪುಗಳು, ಸಿಗ್ನಲ್ ಜನರೇಟರುಗಳು, ಟ್ರಾನ್ಸಿಸ್ಟರಿಗೂ ಹಿಂದಿನ ಗಾಜಿನ ವಾಲ್ವುಗಳ ಕಾಲದ ಮೀಟರುಗಳು. ಇವೆಲ್ಲ ಒಂದು ಕಾಲದಲ್ಲಿ ಕಾರ್ಖಾನೆಗಳಲ್ಲಿ ಬೇರೆ ಯಂತ್ರಗಳನ್ನು ಪರೀಕ್ಷೆ ಮಾಡುತ್ತಿದ್ದವು, ಆಮೇಲೆ ಗುಜರಿಗೆ ಬಿದ್ದವು. ಭಾನುವಾರ ಬೆಳಿಗ್ಗೆ ನಾವು ನಾಲ್ಕು ಜನ ಅಲ್ಲಿ ಸೇರಿ ಅವುಗಳಿಗೆ ಜೀವ ಬರಿಸಲು ನೋಡುತ್ತೇವೆ. ಯಾವುದನ್ನೂ ಮಾರುವುದಿಲ್ಲ. ಜೀವ ಬಂದ ಮೇಲೆ ಅವುಗಳಿಂದ ಏನು ಕೆಲಸ ಎಂದು ಮನೆಯವರು ಕೇಳಿದರೆ ನಾವು ಮುಂದಿನ ಯಂತ್ರದ ಮಾತು ಎತ್ತುತ್ತೇವೆ.

ಕೊಠಡಿಯ ಒಡೆಯರನ್ನು ನಾವು ಯಜಮಾನರು ಎನ್ನುತ್ತೇವೆ. ಪಿಲ್ಲಗುಂಪೆಯ ಒಂದು ಕಾರ್ಖಾನೆಯ ಟೆಸ್ಟಿಂಗ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಇನ್ನೊಬ್ಬರಿಗೆ ಬಸ್ ನಿಲ್ದಾಣದ ಹತ್ತಿರ ಟಿ.ವಿ. ರಿಪೇರಿ ಅಂಗಡಿಯಿತ್ತು. ಈಗ ಅದೇ ಅಂಗಡಿಯಲ್ಲಿ ಸಿ.ಸಿ. ಕ್ಯಾಮೆರಾ ಮಾರುತ್ತಾರೆ. ಮೂರನೆಯವರು ದೇವನಹಳ್ಳಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಮೇಡಂ. ಬೂದಿಗೆರೆ ರಸ್ತೆಯಲ್ಲಿ ಸ್ಕೂಟರ್ ಓಡಿಸಿಕೊಂಡು ಬರುತ್ತಾರೆ. ನಾಲ್ಕನೆಯವನು ನಾನು. ನನ್ನ ಕೆಲಸ ಪತ್ರಿಕೆಯೊಂದರ ಸುದ್ದಿಮನೆಯಲ್ಲಿ, ಬೇರೆಯವರು ಬರೆದ ವರದಿಗಳಲ್ಲಿ ಉತ್ಪ್ರೇಕ್ಷೆಯನ್ನು ಹೊಡೆದುಹಾಕುವುದು. ಆದ್ದರಿಂದ ಆ ಕೊಠಡಿಯಲ್ಲಿ ನಾನು ‘ಪೇಪರ್‌ನೋರು’.

ಹೋದ ವರ್ಷ ಯಜಮಾನರ ಎಡಗಣ್ಣಿನ ನಡುವಿನ ನೋಟ ಹೋಗಿತ್ತು. ಅಂಚಿನಲ್ಲಿರುವುದು ಕಾಣುತ್ತಿತ್ತು, ನೇರವಾಗಿ ನೋಡಿದ್ದು ಮಾತ್ರ ಕಾಣುತ್ತಿರಲಿಲ್ಲ. ಹೋದದ್ದು ಹಿಂದಕ್ಕೆ ಬರುವುದಿಲ್ಲ, ಬಲಗಣ್ಣನ್ನು ಜೋಪಾನ ಮಾಡಿಕೊಳ್ಳಿ, ಅದರಲ್ಲಿ ಏನಾದರೂ ವ್ಯತ್ಯಾಸ ಕಂಡರೆ ತಕ್ಷಣ ಬನ್ನಿ ಎಂದು ವೈದ್ಯರು ಹೇಳಿದ್ದರು. ಯಜಮಾನರು ಇದನ್ನು ನಮಗೆ ತಿಳಿಸಿದ್ದು ಫ್ಯೂಸ್ ಹೋಗಿದೆ ಎನ್ನುವ ಧಾಟಿಯಲ್ಲಿ.

“ಒಂದ್ ಚಾನೆಲ್ ಹೋಯ್ತು ಕಣಪ್ಪಾ. ಇನ್ನೊಂದಿದೆ.”

“ಇನ್ನೊಂದ್ ಸಾಕು ಬಿಡಿ ಯಜಮಾನ್ರೇ,” ಎಂದರು ಟಿ.ವಿ.ಯವರು. “ಎರಡೆರಡು ಇಟ್ಕೊಂಡು ನಾವೇನ್ ಕಡಿದ್ ಕಟ್ಟೆ ಹಾಕಿದೀವಿ.”

ಎಲ್ಲರೂ ನಕ್ಕೆವು. ಆಮೇಲಿನ ಭಾನುವಾರಗಳಲ್ಲಿ ನಮ್ಮ ಹರಟೆ ಮೊದಲಿನಂತೆಯೇ ಇತ್ತು. ಯಾವ ಕಂಪನಿಯ ಕೆಪಾಸಿಟರ್ ಮೇಣ ಕಾರುತ್ತದೆ, ಪಿಲ್ಲಗುಂಪೆಯ ಗುಜರಿಯವನು ಒಳ್ಳೆಯ ಮೀಟರನ್ನು ಸುತ್ತಿಗೆಯಲ್ಲಿ ಒಡೆದು ತಾಮ್ರ ತೆಗೆದ, ಮೇಡಂ ತಂದ ಜನರೇಟರಿನೊಳಗೆ ಇಲಿಯ ಗೂಡು ಇತ್ತು, ಇಂಥವೇ ಮಾತು. ನಡುವೆ ಯಜಮಾನರು ಒಂದು ರೆಸಿಸ್ಟರನ್ನು ಎತ್ತಿ ಹಿಡಿದು, ಅದರ ಅಳತೆ ಹೇಳುವ ಬಣ್ಣದ ಪಟ್ಟೆ ತೋರಿಸಿ ಕೇಳುತ್ತಿದ್ದರು.

“ಇದು ಕೆಂಪು ಪಟ್ಟೆನೋ, ಕಿತ್ತಳೆನೋ?”

“ಕಿತ್ತಳೆ.”

“ಬಣ್ಣ ಹೊಗೆ ಹಿಡಿದೈತೆ. ಅದಕ್ಕೇ ಗೊತ್ತಾಗ್ಲಿಲ್ಲ.”

“ಹಳೇದಲ್ವಾ ಸಾರ್, ಯಾರಿಗೂ ಗೊತ್ತಾಗಲ್ಲ,” ಎನ್ನುತ್ತಿದ್ದರು ಮೇಡಂ. ಪಟ್ಟೆ ನನಗೆ ನಾನು ಕೂತಲ್ಲಿಂದಲೇ ಕಾಣುತ್ತಿತ್ತು.

ಕೊಠಡಿಯ ದೀಪ ಸಾಲದು ಎಂದು ಅವರು ಇನ್ನೊಂದು ದೀಪ ಹಾಕಿಸಿದರು. ಆಮೇಲೆ ಮೇಜಿಗೆ ಕಚ್ಚಿಸುವ ಭೂತಗನ್ನಡಿ ಬಂತು. ಬೆರಳ ತುದಿಗಳಲ್ಲಿ ಬೆಸುಗೆ ಕಡ್ಡಿ ಸುಟ್ಟ ಗುರುತುಗಳು ಹೆಚ್ಚಾದವು. ಹೊಸ ಕಡ್ಡಿ ಸರಿಯಿಲ್ಲ ಎಂದರು. ನಾವೂ ಹೌದು ಎಂದೆವು. ಬಲಗಣ್ಣಿನ ಮಾತನ್ನು ಯಾರೂ ಎತ್ತಲಿಲ್ಲ. ಅವರ ಹೆಂಡತಿ ಕಾಫಿ ತಂದಿಟ್ಟು, ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು, ಗಂಡನ ಮುಖ ನೋಡಿ ಹೋಗುತ್ತಿದ್ದರು.

ಆಗ ಮೇಜಿನ ಮೇಲಿದ್ದದ್ದು ಒಂದು ವಾಲ್ವ್ ಆಸಿಲೋಸ್ಕೋಪು. ಇಬ್ಬರು ಎತ್ತಬೇಕಾದಷ್ಟು ಭಾರ. ಯಜಮಾನರು ಕೆಲಸಕ್ಕೆ ಸೇರಿದಾಗ ಅವರ ಮುಂದೆ ಇದ್ದದ್ದೂ ಅದೇ ಮಾದರಿ. ಆಗಲೇ ಅದು ಹಳೆಯದಾಗಿತ್ತಂತೆ. ಗುಜರಿಯಲ್ಲಿ ಅದನ್ನು ಕಂಡ ದಿನ ಅವರು ಒಂದು ಮಾತು ಹೇಳಿದ್ದರು: “ಇದೊಂದನ್ನ ನಾನೇ ಮಾಡ್ತೀನಿ. ನೀವ್ಯಾರೂ ಕೈ ಹಾಕ್ಬೇಡಿ.” ನಾವು ಹಾಕಿರಲಿಲ್ಲ.

ಅದರ ಪರದೆ ಅಂಗೈಯಗಲದ ದುಂಡು ಗಾಜು. ಒಳಗೆ ಒಂದು ತೆಳು ಲೇಪನ. ಹಿಂದಿನಿಂದ ಬರುವ ಎಲೆಕ್ಟ್ರಾನುಗಳ ಎಳೆ ಆ ಲೇಪನಕ್ಕೆ ತಾಗಿದ ಜಾಗದಲ್ಲಿ ಹಸಿರು ಚುಕ್ಕೆ ಮೂಡುತ್ತದೆ. ಚುಕ್ಕೆ ಓಡಿದರೆ ಗೆರೆ. ಓಡದೆ ಒಂದೇ ಕಡೆ ನಿಂತರೆ, ಬೆಳಕೂ ಹೆಚ್ಚಾಗಿದ್ದರೆ, ಲೇಪನ ಸುಟ್ಟುಹೋಗುತ್ತದೆ. ಸುಟ್ಟ ಜಾಗದಲ್ಲಿ ಮತ್ತೆ ಬೆಳಕು ಮೂಡುವುದಿಲ್ಲ. ಆ ಮಾದರಿಯ ಇನ್ನೊಂದು ಟ್ಯೂಬು ನಮಗೆ ಎಲ್ಲಿಯೂ ಸಿಕ್ಕಿರಲಿಲ್ಲ. ಆದ್ದರಿಂದ ಬೆಳಕಿನ ನಾಬನ್ನು ಪೂರ್ತಿ ಕೆಳಗಿಳಿಸಿ ಸ್ವಿಚ್ ಹಾಕಬೇಕು, ಕಂಡೂ ಕಾಣದಷ್ಟು ಮಾತ್ರ ಏರಿಸಬೇಕು. ಈ ಪಾಠ ಹೇಳಿಕೊಟ್ಟವರೇ ಯಜಮಾನರು. ‘ಚುಕ್ಕೆ ನಿಲ್ಲಬಾರದು’ ಎಂದು ಅವರು ಹೇಳದ ಭಾನುವಾರವಿರಲಿಲ್ಲ. ಒಮ್ಮೆ ನಾನು ಮರೆತು ನಾಬ್ ಏರಿಸಿದಾಗ, “ಏನಪ್ಪಾ, ಒಬ್ಬಟ್ಟು ಬೇಯಿಸ್ತಿದೀಯಾ ಅದ್ರಲ್ಲಿ?” ಎಂದು ಕೈಮೇಲೆ ಹೊಡೆದಿದ್ದರು.

ನಮ್ಮಲ್ಲಿ ಇನ್ನೊಂದು ಪದ್ಧತಿಯಿತ್ತು. ಯಾರು ಆ ಯಂತ್ರವನ್ನು ರಿಪೇರಿ ಮಾಡಿದರೋ ಅವರು ಕುರ್ಚಿಯಲ್ಲಿ ಕೂರಬೇಕು, ಸ್ವಿಚ್ ಹಾಕಬೇಕು. ಮೊದಲ ಬೆಳಕು ಕಂಡಾಗ ‘ಬಂತು’ ಎನ್ನುವ ಹಕ್ಕೂ ಅವರದೇ. ಉಳಿದವರು ಮೊದಲೇ ಕಂಡರೂ ಬಾಯಿ ಬಿಡುವಂತಿಲ್ಲ. ಟಿ.ವಿ.ಯವರು ಒಮ್ಮೆ ಮೇಡಂಗಿಂತ ಮುಂಚೆ ‘ಬಂತು’ ಎಂದುಬಿಟ್ಟು, ಎಲ್ಲರಿಗೂ ಬಿರಿಯಾನಿ ತರಿಸಬೇಕಾಗಿತ್ತು.

ಆ ಭಾನುವಾರ ಯಂತ್ರ ಪೂರ್ತಿ ಸಿದ್ಧವಾಗಿರಲಿಲ್ಲ. ಚುಕ್ಕೆಯನ್ನು ಎಡದಿಂದ ಬಲಕ್ಕೆ ಓಡಿಸುವ ಭಾಗಕ್ಕೆ ಒಂದು ವಾಲ್ವ್ ಬೇಕಿತ್ತು, ಅದು ಇನ್ನೂ ಬಂದಿರಲಿಲ್ಲ.

“ವಾಲ್ವ್ ಬರ್ಲಿ ಸಾರ್,” ಎಂದರು ಮೇಡಂ. “ಈಗ ಹಾಕಿದ್ರೆ ಚುಕ್ಕೆ ನಿಂತೇ ಇರುತ್ತೆ.”

“ನಂಗ್ ಗೊತ್ತಿಲ್ವಾ ಅದು?”

“ಗೊತ್ತಿದ್ರೆ ಆತುರ ಯಾಕೆ?”

ಯಜಮಾನರು ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟರು. “ಚುಕ್ಕೆ ನೋಡ್ಬೇಕು ನಾನು. ಇಷ್ಟೇ ಇಷ್ಟು ಬೆಳಕು ಇಟ್ಕೊಂಡು ಸೂಜಿಮೊನೆ ಥರ ಫೋಕಸ್ ಮಾಡ್ತೀನಿ. ಅಷ್ಟಾದ್ರೆ ಈ ಕಣ್ಣು ಇನ್ನೂ ಕೆಲಸಕ್ಕೆ ಬರುತ್ತೆ ಅಂತ. ಆಗ್ಲಿಲ್ಲ ಅಂದ್ರೆ…” ಎಂದು ನಿಲ್ಲಿಸಿ, “ಆಗ್ದೇ ಏನು,” ಎಂದರು.

ಅಲ್ಲಿಗೆ ವಾದ ಮುಗಿಯಿತು. ಮೇಡಂ ಎದ್ದು ಹೋಗಿ ಕಿಟಕಿಗೆ ಕಪ್ಪು ಬಟ್ಟೆ ಎಳೆದರು.

ಹಳೆಯ ಯಂತ್ರಕ್ಕೆ ನಾವು ನೇರವಾಗಿ ಕರೆಂಟು ಕೊಡುವುದಿಲ್ಲ. ನಡುವೆ ಒಂದು ಬಲ್ಬ್ ಜೋಡಿಸಿರುತ್ತೇವೆ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಇಲ್ಲದಿದ್ದರೆ ಮಂಕಾಗುತ್ತದೆ. ಯಜಮಾನರು ಸ್ವಿಚ್ ಹಾಕಿದರು. ಬಲ್ಬ್ ಒಮ್ಮೆ ಬೆಳಗಿ ಮಂಕಾಯಿತು.

“ಬಲ್ಬ್ ಇಳೀತು,” ಎಂದರು ಟಿ.ವಿ.ಯವರು. “ಅರ್ಧ ಗೆದ್ರಿ ಯಜಮಾನ್ರೇ.”

ವಾಲ್ವುಗಳು ಒಂದೊಂದಾಗಿ ಕೆಂಪಗಾದವು. ಧೂಳು ಸುಡುವ ವಾಸನೆ ಬಂತು. ಯಜಮಾನರು ಮುಖವನ್ನು ಪರದೆಯ ಹತ್ತಿರ ತಂದು, ಬೆಳಕಿನ ನಾಬನ್ನು ಒಂದಿಷ್ಟು ತಿರುಗಿಸಿದರು. ಪರದೆಯ ನಡುವೆ ಚುಕ್ಕೆ ಮೂಡಿತು. ಸಣ್ಣದು, ಹಸಿರು, ಸ್ಪಷ್ಟ.

ನಾನು ಟಿ.ವಿ.ಯವರನ್ನು ನೋಡಿದೆ. ಅವರು ನಗುತ್ತಾ ಬಾಯಿಯ ಮೇಲೆ ಬೆರಳಿಟ್ಟುಕೊಂಡಿದ್ದರು. ಮೇಡಂ ಕೈಕಟ್ಟಿ ನಿಂತಿದ್ದರು. ನಾವು ಮೂವರೂ ಯಜಮಾನರ ‘ಬಂತು’ಗಾಗಿ ಕಾಯುತ್ತಿದ್ದೆವು.

ಅವರು ನಾಬನ್ನು ಇನ್ನಷ್ಟು ತಿರುಗಿಸಿದರು. ಚುಕ್ಕೆ ದಪ್ಪವಾಯಿತು. ಅವರು ನಮ್ಮನ್ನು ಆಟವಾಡಿಸುತ್ತಿದ್ದಾರೆ ಎಂದುಕೊಂಡೆ. ಮತ್ತೆ ತಿರುಗಿಸಿದರು. ಈಗ ಚುಕ್ಕೆಯ ಸುತ್ತ ಹಸಿರು ಬೆಳಕು ಹರಡಿ, ಅವರ ಮೂಗು, ಕೆನ್ನೆ, ತೆರೆದ ಬಲಗಣ್ಣು ಎಲ್ಲವೂ ಅದರಲ್ಲಿ ಹೊಳೆಯುತ್ತಿದ್ದವು. ಆ ಕಣ್ಣು ನೇರವಾಗಿ ಚುಕ್ಕೆಯನ್ನೇ ನೋಡುತ್ತಿತ್ತು.

“ಇನ್ನೂ ಬಿಸಿಯಾಗಿಲ್ಲ ಅನ್ಸುತ್ತೆ,” ಎಂದರು ಯಜಮಾನರು.

ಎಷ್ಟು ಹೊತ್ತು ಹಾಗಿತ್ತು ಎಂದು ಹೇಳಲಾರೆ. ನಮ್ಮಲ್ಲಿ ಯಾರೂ ಗಡಿಯಾರ ನೋಡಿರಲಿಲ್ಲ. ಟಿ.ವಿ.ಯವರ ನಗು ನಿಂತಿತು. ಅವರು ಮುಂದೆ ಬಾಗಿ ಯಜಮಾನರ ಕೈಯ ಮೇಲೆ ಕೈಯಿಟ್ಟರು. “ಇಳ್ಸಿ ಯಜಮಾನ್ರೇ. ಇಳ್ಸಿ, ಇಳ್ಸಿ.”

“ಕೈ ತೆಗಿ ಲೇ. ನಾನೇ ಮಾಡ್ತೀನಿ ಅಂದಿಲ್ವಾ? ಇನ್ನೂ ಬಂದೇ ಇಲ್ಲ.”

ಮೇಡಂ ಗೋಡೆಯ ಸ್ವಿಚ್ ಆರಿಸಿದರು. ಹಸಿರು ಒಂದು ಕ್ಷಣ ಉಳಿದು ಕುಗ್ಗಿತು. ಕತ್ತಲಲ್ಲಿ ಟ್ರಾನ್ಸ್‌ಫಾರ್ಮರಿನ ಗುಂಯ್ ಸದ್ದು ನಿಂತದ್ದು ಕೇಳಿಸಿತು. ಆಮೇಲೆ ಅವರು ಕಿಟಕಿಯ ಬಟ್ಟೆ ಸರಿಸಿದರು.

ಪರದೆಯ ಸರಿಯಾಗಿ ನಡುವೆ ಕಂದು ಕಲೆಯಿತ್ತು.

ಯಜಮಾನರ ಕೈ ಇನ್ನೂ ನಾಬಿನ ಮೇಲೆಯೇ ಇತ್ತು. “ಬಂದಿತ್ತಾ?” ಎಂದು ಕೇಳಿದರು.

“ಈಗ್ತಾನೇ ಬಂತು,” ಎಂದರು ಟಿ.ವಿ.ಯವರು. “ಒಂದೇ ಸಲ ಜಾಸ್ತಿ ಬಂದ್ಬಿಡ್ತು. ಅದಕ್ಕೇ ನಾನು…”

“ಹಿಂದಿನ ದೀಪದ ಪ್ರತಿಬಿಂಬ ಇತ್ತು ಸಾರ್ ಗಾಜಲ್ಲಿ,” ಎಂದರು ಮೇಡಂ. “ಅದ್ರಲ್ಲಿ ಚುಕ್ಕೆ ಸರಿಯಾಗಿ ಕಾಣಲ್ಲ.”

ದೀಪ ಆರಿತ್ತು. ಅದನ್ನು ಆರಿಸಿದವರು ಯಜಮಾನರೇ.

“ನೀವಿಬ್ರೂ ಸ್ವಲ್ಪ ಸುಮ್ನಿರಿ. ಪೇಪರ್‌ನೋರು ಹೇಳ್ಲಿ.” ಅವರು ನನ್ನ ಕಡೆ ತಿರುಗಿದರು. ನೇರವಾಗಿ ನನ್ನ ಮುಖಕ್ಕಲ್ಲ, ಕಿವಿಯ ಪಕ್ಕಕ್ಕೆ ನೋಡುತ್ತಿದ್ದರು. ಬಹಳ ವಾರಗಳಿಂದ ಅವರು ಹಾಗೆಯೇ ನೋಡುತ್ತಿದ್ದರು ಎಂಬುದು ಆಗ ನನ್ನ ಗಮನಕ್ಕೆ ಬಂತು. “ಯಾವಾಗ ಬಂತು?”

“ನೀವು ಮೊದಲ್ನೇ ಸಲ ನಾಬ್ ತಿರುಗಿಸಿದಾಗ.”

“ಆಗ್ಲೇನಾ?”

“ಆಗ್ಲೇ.”

“ಆಮೇಲೆ ಹೋಗ್ಲಿಲ್ವಾ ಮಧ್ಯೆ?”

“ಇಲ್ಲ. ಇದ್ದೇ ಇತ್ತು.”

“ಕಲೆ ಬಿತ್ತಾ?”

“ಬಿದ್ದಿದೆ.”

“ಎಲ್ಲಿ?”

“ನಡುವೆ.”

“ಎಷ್ಟು?”

“ರಾಗಿ ಕಾಳಿನಷ್ಟು.”

ಅವರು ಪರದೆಯನ್ನು ಬೆರಳಿಂದ ಮುಟ್ಟಿದರು. ಕಲೆ ಗಾಜಿನ ಒಳಗಿರುತ್ತದೆ, ಕೈಗೆ ಸಿಗುವುದಿಲ್ಲ. ಅದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಆದರೂ ಸವರಿದರು. ಆಮೇಲೆ ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಪರದೆ ನೋಡಿದರು. ತಲೆಯನ್ನು ಬಲಕ್ಕೆ ಓರೆ ಮಾಡಿದರು, ಎಡಕ್ಕೆ ಮಾಡಿದರು. ಒಂದು ಕೋನದಲ್ಲಿ ತಡೆದು, “ಹೂಂ,” ಎಂದರು. ಕಣ್ಣಂಚಿನಿಂದ ಕಲೆ ಕಂಡಿರಬೇಕು.

ಟಿ.ವಿ.ಯವರು ಬಾಗಿಲಿಗೆ ಹೋಗಿ ಹೊರಗೆ ನೋಡುತ್ತಾ ನಿಂತರು. ಮೇಡಂ ಮೇಜಿನ ಮೇಲಿದ್ದ ಸ್ಕ್ರೂಗಳನ್ನು ಡಬ್ಬಿಗೆ ಹಾಕತೊಡಗಿದರು, ಅವು ಡಬ್ಬಿಯಲ್ಲಿರಬೇಕಾದ ಸ್ಕ್ರೂಗಳಲ್ಲದಿದ್ದರೂ. ಕಾಫಿಯ ತಟ್ಟೆ ಹಿಡಿದು ಯಜಮಾನರ ಹೆಂಡತಿ ಅಂಗಳ ದಾಟಿ ಬರುತ್ತಿದ್ದ ಸದ್ದು ಕೇಳಿತು.

“ಅವಳಿಗೆ ನಾನೇ ಹೇಳ್ತೀನಿ,” ಎಂದರು ಯಜಮಾನರು ಸಣ್ಣ ದನಿಯಲ್ಲಿ. “ಇವತ್ತಲ್ಲ.”

ಅವರ ಹೆಂಡತಿ ಒಳಗೆ ಬಂದು, “ಬಂತಾ?” ಎಂದು ಕೇಳಿದರು. ಆ ಪದ್ಧತಿ ಅವರಿಗೂ ಗೊತ್ತಿತ್ತು. ಅವರು ಲೋಟಗಳನ್ನು ಒಂದೊಂದಾಗಿ ಇಳಿಸಿ, ಗಂಡನ ಲೋಟವನ್ನು ಮಾತ್ರ ಅವರ ಕೈಗೇ ಕೊಟ್ಟರು. ಗಂಡನ ಬೆರಳುಗಳು ಲೋಟವನ್ನು ಹಿಡಿದ ಮೇಲೂ ತಮ್ಮ ಕೈಯನ್ನು ಬೇಗ ತೆಗೆಯಲಿಲ್ಲ. ಅವರಿಗೆ ಹೇಳುವುದಕ್ಕೆ ಏನೂ ಉಳಿದಿಲ್ಲ ಎಂದು ನನಗನ್ನಿಸಿತು.

ಆಮೇಲೆ ಆಸ್ಪತ್ರೆಯಲ್ಲಿ ಹೇಳಿದ್ದೂ ಬೇರೆಯೇನಲ್ಲ. ಬಲಗಣ್ಣಿನಲ್ಲೂ ಶುರುವಾಗಿತ್ತು, ಬಹಳ ದಿನಗಳೇ ಆಗಿದ್ದವು. ಕಣ್ಣಿಗೆ ಇಂಜೆಕ್ಷನ್ ಕೊಡುತ್ತಾರೆ, ಇರುವುದನ್ನು ಉಳಿಸಲು ನೋಡುತ್ತಾರೆ. ಉಳಿಯುತ್ತದೆ ಎಂದು ಯಾರೂ ಮಾತು ಕೊಟ್ಟಿಲ್ಲ. ರೆಸಿಸ್ಟರಿನ ಬಣ್ಣ ಮಂಕಾಗಿದೆ ಎಂದು ನಾವು ದನಿಗೂಡಿಸುತ್ತಿದ್ದ ಆ ದಿನಗಳಲ್ಲೇ ಆಸ್ಪತ್ರೆಗೆ ಹೋಗಿದ್ದರೆ ಏನಾಗುತ್ತಿತ್ತು ಎಂದು ಮೇಡಂ ಒಮ್ಮೆ ಸ್ಕೂಟರಿನ ಹತ್ತಿರ ನನ್ನನ್ನು ಕೇಳಿದರು.

ವಾಲ್ವ್ ಬಂದ ಮೇಲೆ ಟಿ.ವಿ.ಯವರು ಅದನ್ನು ಕೂರಿಸಿದರು. ಯಜಮಾನರು ಬೇಡ ಎನ್ನಲಿಲ್ಲ. ಕುರ್ಚಿಯಲ್ಲಿ ಅವರನ್ನೇ ಕೂರಿಸಿದೆವು. ಕಿಟಕಿಗೆ ಬಟ್ಟೆ ಎಳೆದೆವು. ಬಲ್ಬ್ ಇಳಿಯಿತು, ವಾಲ್ವುಗಳು ಕಾದವು. ಬೆಳಕಿನ ನಾಬನ್ನು ಮುಟ್ಟದೆ ಅವರು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಿದ್ದರು.

“ಮೇಡಂ, ನೀವ್ ತಿರುಗ್ಸಿ. ಪೇಪರ್‌ನೋರೇ, ನೀವ್ ಹೇಳಿ.”

ಎಡದಿಂದ ಒಂದು ಹಸಿರು ಗೆರೆ ಹೊರಟು, ನಡುವೆ ರಾಗಿ ಕಾಳಿನಷ್ಟು ಕಡಿದು, ಮುಂದುವರಿದು ಬಲದ ಅಂಚು ಮುಟ್ಟಿತು.

“ಬಂತು,” ಎಂದೆ.

“ನಡುವೆ?”

“ಬಿಟ್ಟಿದೆ.”

ಈಗಲೂ ಭಾನುವಾರ ಸೇರುತ್ತೇವೆ. ಮೇಣ ಕಾರುವ ಕೆಪಾಸಿಟರಿನ ಮಾತು, ಗುಜರಿಯವನ ಸುತ್ತಿಗೆಯ ಮಾತು ಆಡುತ್ತೇವೆ. ಟಿ.ವಿ.ಯವರು ಈಗ ಮೊದಲಿಗಿಂತ ಹೆಚ್ಚು ತಮಾಷೆ ಮಾಡುತ್ತಾರೆ, ಯಾವುದಕ್ಕೂ ಯಜಮಾನರು ನಗುವ ತನಕ ಬಿಡುವುದಿಲ್ಲ. ಪರದೆಯ ಮೇಲೆ ಏನಿದೆ ಎಂದು ನಾನು ಓದಿ ಹೇಳುತ್ತೇನೆ. ಗೆರೆಯ ಎತ್ತರ ಪರದೆಯ ಚೌಕಗಳಲ್ಲಿ ನಾಲ್ಕು ಮನೆ, ಮೇಲೆ ಸ್ವಲ್ಪ ಎಂದರೆ, “ಸ್ವಲ್ಪ ಅಂದ್ರೆ ಎಷ್ಟಪ್ಪಾ? ಪೇಪರ್‌ನಲ್ಲಿ ಹಂಗೇ ಬರೀತೀಯಾ?” ಎನ್ನುತ್ತಾರೆ. ಮತ್ತೆ ನೋಡಿ ಹೇಳುತ್ತೇನೆ.

ಹೋದ ಭಾನುವಾರ ಯಂತ್ರ ಆರಿಸುವ ಮೊದಲು ಅವರು ಕೇಳಿದರು: “ಆ ಕಲೆ ದೊಡ್ಡದಾಗಿದೆಯಾ?”

ಸುಟ್ಟ ಕಲೆ ತಾನಾಗಿ ಬೆಳೆಯುವುದಿಲ್ಲ. ನಮಗೆ ಅದನ್ನು ಕಲಿಸಿದವರು ಅವರೇ. ಆದರೂ ಬಾಗಿ ನೋಡಿದೆ.

“ಇಲ್ಲ. ಅಷ್ಟೇ ಇದೆ.”

“ನಂದು ದೊಡ್ಡದಾಗಿದೆ,” ಎಂದರು ಯಜಮಾನರು. ಆಮೇಲೆ ಕೈಚಾಚಿ, “ಸ್ಕ್ರೂಡ್ರೈವರ್ ಎಲ್ಲಿಟ್ರಿ?” ಎಂದು ಕೇಳಿದರು. ಅದು ಅವರ ಮುಂದೆಯೇ, ಮೇಜಿನ ನಡುವೆ ಇತ್ತು.