ಅಲ್ವಿದಾ ಪದಕ್ಕೆ ಹಲಗಿ ಹೊಡೆದವರು ಯಾರು?

ಘಾಟ್ಕೋಪರ್‌ನ ಗುಡ್ಡದ ಚಾಳಿನಲ್ಲಿ ಈಶ್ವರ ಹುಟ್ಟುವ ಮೊದಲೇ ಅವನ ಅಪ್ಪ ಖಂಡಪ್ಪ ಸಿಂದಗಿ ಕಡೆಯ ತನ್ನ ಊರಿನಿಂದ ಒಂದು ಚರ್ಮದ ಹಲಗಿ ಹೊತ್ತು ತಂದಿದ್ದ. ವರ್ಷವಿಡೀ ಸಿಮೆಂಟು ಹೊರುವ ಆಳು, ಮೊಹರಂ ಬಂತೆಂದರೆ ಕೆಲಸ ಬಿಟ್ಟು ಊರಿಗೆ ಹೋಗಿ ಅಲಾಯಿ ದೇವರ ಮುಂದೆ ಬಾರಿಸುತ್ತಿದ್ದ. ಮಗನಿಗೆ ಬಾರಿಸುವುದನ್ನೂ ಕಲಿಸಿದ, ನಿಲ್ಲಿಸುವುದನ್ನೂ ಕಲಿಸಿದ. ದೇವರನ್ನು ಹೊಳೆಗೆ ಕಳಿಸಿ ತಿರುಗಿ ಬರುವಾಗ ಅಲ್ವಿದಾ ಪದ, ಅಂದರೆ ವಿದಾಯದ ಶೋಕದ ಹಾಡು, ಹಾಡುತ್ತಾರೆ. ಆಗ ಹಲಗಿಯನ್ನು ಮುಖ ತಿರುಗಿಸಿ ಹೆಗಲಿಗೆ ಹಾಕಿಕೊಳ್ಳಬೇಕು. ಒಂದು ಪೆಟ್ಟೂ ಬೀಳಕೂಡದು. ಅದು ಅವರ ಊರಿನ ಕಟ್ಟಳೆ.

"ಈಗ ಹಲಗಿ ಮುಟ್ಟಿದಿ ಅಂದ್ರ ಕೈ ಮುರೀತೀನಿ ಮಗನ," ಎನ್ನುತ್ತಿದ್ದ ಖಂಡಪ್ಪ. ತಮಾಷೆಗಲ್ಲ.

ಮಗ ಟೈಲ್ಸ್ ಕೂಡಿಸುವ ಕೆಲಸ ಹಿಡಿದ. ಅದೇ ಚಾಳಿನ ಜುಲ್ಫಿಕಾರ ಮೊಬೈಲ್ ರಿಪೇರಿ ಮಾಡುತ್ತಿದ್ದ, ಅವನ ತಂಗಿ ನಿಶಾತ ಪಾರ್ಲರಿನಲ್ಲಿದ್ದಳು. ಮೂವರೂ ಸೇರಿ ಒಂದು ಬ್ಯಾಂಡ್ ಕಟ್ಟಿದರು. ಈಶ್ವರ ಟೈಲ್ಸ್ ಹೊತ್ತು ಹತ್ತುತ್ತಿದ್ದ ಬಿಲ್ಡಿಂಗಿನಲ್ಲಿ ಸದಾ ನೇತಾಡುತ್ತಿದ್ದ ಬೋರ್ಡೇ ಬ್ಯಾಂಡಿನ ಹೆಸರಾಯಿತು: 'ಲಿಫ್ಟ್ ಬಂದ್ ಹೈ'. ತಲೆಗೆ ಹಳದಿ ಹೆಲ್ಮೆಟ್. ಜುಲ್ಫಿಕಾರನ ಹಳೆಯ ಕೀಬೋರ್ಡು ಸೊಳ್ಳೆ ಬ್ಯಾಟಿನಂತೆ ಚಿಟಚಿಟ ಎನ್ನುತ್ತಿತ್ತು, ಜೊತೆಗೆ ಸ್ಕೂಟರ್ ಹಾರ್ನು, ಹಲಗಿ. ಇವೆಲ್ಲದರ ಮೇಲೆ ನಿಶಾತಳ ಕೊರಳು, ಸ್ಟೇಷನ್ನಿನಲ್ಲಿ ಗಾಡಿ ತಡವೆಂದು ಹೇಳಿದಷ್ಟೇ ಸಪಾಟು. ಕೊನೆಗೆ ಅಲ್ವಿದಾ ಪದ. ಆಗ ಎಲ್ಲ ವಾದ್ಯವೂ ಬಂದ್, ಅವಳೊಬ್ಬಳೇ. ಹೆಲ್ಮೆಟ್ ನೋಡಿ ನಕ್ಕವರು ಆಗ ಸುಮ್ಮನಾಗುತ್ತಿದ್ದರು. ದಾದರ್‌ನ ಕಾಲೇಜು ಹುಡುಗರು ಇದನ್ನು ನ್ಯೂ ವೇವ್ ಎಂದರು. ಇವರಿಗೆ ಆ ಹೆಸರೇ ಗೊತ್ತಿರಲಿಲ್ಲ.

ಆಮೇಲೆ ಹಾಡು ಮಾರುವ ಕಂಪನಿಯವರು ಬಂದರು, ಒಬ್ಬ ಮ್ಯಾನೇಜರನನ್ನು ಇಟ್ಟರು. ಮೊದಲು ಹಾರ್ನು ಹೋಯಿತು. ಕೀಬೋರ್ಡಿನ ಚಿಟಚಿಟ ಹೋಗಿ ಐದು ನಕ್ಷತ್ರದ ಹೋಟೆಲಿನ ಲಿಫ್ಟಿನ ಸಂಗೀತ ಬಂತು. ನಿಶಾತಳ ಸಪಾಟು ದನಿಗೆ ಯಂತ್ರದಿಂದ ಸಕ್ಕರೆ ಬೆರೆಸಿದರು. ಶ್ರೀಮಂತರ ಮದುವೆಗಳಲ್ಲಿ ಈಶ್ವರನ ಅಂಗಿ ಬಿಚ್ಚಿಸಿ, ರುಮಾಲು ಸುತ್ತಿ, ಹಲಗಿ ಕೊಟ್ಟು ಮುಂದೆ ನಿಲ್ಲಿಸಿದರು. ಟೈಲ್ಸ್ ಕೂಡಿಸಲು ಹೋದಾಗ ಇದೇ ಜನ ಅವನನ್ನು ಸರ್ವಿಸ್ ಲಿಫ್ಟಿಗೆ ಅಟ್ಟುತ್ತಿದ್ದರು. ಈಗ ಅವನ ಬರಿಮೈ ಜೊತೆ ಸೆಲ್ಫಿ! ಈಶ್ವರ ಹಲ್ಲು ಕಚ್ಚಿ ನಿಂತ. ಅಂಗಿ ಹೋದರೆ ಹೋಗಲಿ, ಪದವಂತೂ ಹಾಗೇ ಇದೆಯಲ್ಲ ಎಂದುಕೊಂಡ. ಅಲ್ಲೇ ಅವನು ಎಡವಿದ್ದು.

ಕಾಂದಿವಲಿಯ ಒಂದು ಮಾಲ್‌ನಲ್ಲಿ ಕಾರ್ಯಕ್ರಮ. ಮಧ್ಯಾಹ್ನ ಮೈಕು ಪರೀಕ್ಷೆ ನಡೆದಿತ್ತು. ನಿಶಾತ ಅಲ್ವಿದಾ ಎತ್ತಿಕೊಂಡಳು. ಈಶ್ವರ ಹಲಗಿ ತಿರುಗಿಸಿ ಹೆಗಲಿಗೆ ಹಾಕಿದ. ಆದರೂ ಹಲಗಿ ಬಾರಿಸಿತು.

ಸ್ಪೀಕರಿನಿಂದ. ಅವನದೇ ಕೈ. ಮೂರನೆಯ ಪೆಟ್ಟನ್ನು ಕೊಂಚ ಎಳೆಯುವ ಅಪ್ಪನ ಚಾಳಿ ಬೇರೆ ಯಾರಿಗಿತ್ತು? ಹಳೆಯ ಹಾಡಿನಿಂದ ಅವನ ಪೆಟ್ಟುಗಳನ್ನು ಕತ್ತರಿಸಿ ಲ್ಯಾಪ್‌ಟಾಪಿನಲ್ಲಿ ಈ ಪದದ ಕೆಳಗೆ ಅಂಟಿಸಿದ್ದರು.

"ಜುಲ್ಫ್ಯಾ, ಇದೇನಲೇ?"

"ಅರೆ ಯಾರ್, ರೀಲ್ಸ್‌ಗೆ ಬೀಟ್ ಬೇಕಂತ. ಪಬ್ಲಿಕ್ ಕುಣೀಬೇಕು."

"ಅಲ್ವಿದಾಕ್ಕ ಕುಣೀತಾರೇನೋ? ತೆಗಿ ಅದನ್ನ."

"ನಮ್ಮ ಅಬ್ಬಾನೇ ಸುಮ್ನದಾರ. ನಿಂಗ್ಯಾಕ ಇಷ್ಟು ಉರಿ? ಮೊಹರಂ ನಿಂದೋ ನಂದೋ?"

ಈಶ್ವರ ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. "ಆ ಪೆಟ್ಟು ನಂದು," ಎಂದ. "ನಾ ಹೊಡದಿಲ್ಲ. ಹೊಡಿಯಂಗೂ ಇಲ್ಲ."

ಮ್ಯಾನೇಜರ್ ನಕ್ಕ. "ಭಾಯ್, ಟೆನ್ಶನ್ ಮತ್ ಲೋ. ತುಮ್ಹಾರಾ ನಾಮ್ ನಿಕಾಲ್ ದೇಂಗೆ."

"ಹೆಸರು ಬೇಕಾದ್ರ ಇಟ್ಕೋರಿ. ಪೆಟ್ಟು ತೆಗೀರಿ."

ಯಾರೂ ತೆಗೆಯಲಿಲ್ಲ. ಸಂಜೆ ಮಾಲ್ ತುಂಬ ಜನ. ಅಲ್ವಿದಾ ಶುರುವಾಯಿತು, ಅವನ ಕೈ ಅವನನ್ನು ಬಿಟ್ಟು ಬಾರಿಸತೊಡಗಿತು, ಮಂದಿ ಸೊಂಟ ಕುಣಿಸಿದರು. ಈಶ್ವರ ಹಲಗಿ ತಿರುಗಿಸಿ ಹೆಗಲಿಗೆ ಹಾಕಿಕೊಂಡು ಲ್ಯಾಪ್‌ಟಾಪಿನ ಹತ್ತಿರ ನಡೆದು, ಅದರಿಂದ ಸ್ಪೀಕರಿಗೆ ಹೋಗುವ ವೈರು ಕಿತ್ತು ಮುಷ್ಟಿಯಲ್ಲಿ ಹಿಡಿದ. ಜುಲ್ಫಿಕಾರ ಅವನ ರಟ್ಟೆಗೆ ಜೋತುಬಿದ್ದು "ಬಿಡಲೇ, ಪಬ್ಲಿಕ್ ಐತಿ!" ಎಂದು ಹಲ್ಲುಮಸೆದ. ಕುಣಿಯುವವರು ಸೀಟಿ ಹೊಡೆದು ಬೈದರು.

ನಿಶಾತ ನಿಲ್ಲಿಸಲಿಲ್ಲ. ಕಂಪನಿಯವರು ಕಲಿಸಿದ ಬಳುಕು ಬಿಟ್ಟು, ಹಳೆಯ ಸಪಾಟು ದನಿಯಲ್ಲಿ ಪದವನ್ನು ಪೂರಾ ಹಾಡಿದಳು. ಆಮೇಲೆ ಈಶ್ವರ ತಾನೇ ವೈರು ಸಿಕ್ಕಿಸಿದ.

"ಆಪ್ ಜಾವ್, ಈಶ್ವರ ಭಾಯ್," ಎಂದಳು ನಿಶಾತ, ಮೈಕಿನಿಂದ ಮುಖ ತಿರುಗಿಸಿ. "ನಾ... ಇವ್ರಿಗೆ ನಾ ಹೇಳ್ತೆ."

ಅವಳು ಹೇಳಿದಳು. ಕೇಳಿದವರಾರು? ಮರುದಿನವೇ ಕಂಪನಿಯವರು ಹಾಡಿನ ಕೆಳಗಿನ ಈಶ್ವರನ ಹೆಸರು ಅಳಿಸಿದರು. ಪೆಟ್ಟು ಮಾತ್ರ ಇಂದಿಗೂ ಅಲ್ಲೇ ಬೀಳುತ್ತಿದೆ.