ಹಿಂದಕ್ಕೆ ನಡೆಯುವ ಸುಣ್ಣದಣ್ಣ

ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು. ನಲ್ಲಿಯಲ್ಲಿ ನೀರು ಬಂತು, ಹಾಲಿನವನು ಬಂದ. ಒಗೆಯಲು ತೆಗೆದ ನನ್ನ ಗಂಡನ ಕಪ್ಪು ಅಂಗಿಯ ಜೇಬಿನಲ್ಲಿ ಸೀಟಿ ಸಿಕ್ಕಿತು. ಅದಕ್ಕೆ ಹಸಿರು ಶೂ ಲೇಸು ಕಟ್ಟಿತ್ತು. ಆ ಸೀಟಿ ಅವರದಲ್ಲ. ಅವರ ಸೀಟಿ ಫುಟ್‌ಬಾಲ್ ಫೈನಲ್ ದಿನ ಕೈಕೊಟ್ಟಿತ್ತು. ಇದನ್ನು ಮೈದಾನದ ಸುಣ್ಣದಣ್ಣನ ಹತ್ತಿರ ಕಡ ತಂದಿದ್ದರು. ಕೊಟ್ಟು ಬರೋಣವೆಂದು ಹೊರಟೆ.

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಗೋಲು ಕಂಬದ ಬಳಿ ಸುಣ್ಣದಣ್ಣ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಿದ್ದಾರೆ. ಎರಡು ಗೂಟಗಳ ನಡುವೆ ದಾರ ಬಿಗಿದಿದೆ. ಕೈಯಲ್ಲಿರುವ ಡಬ್ಬಿಯ ತಳದಲ್ಲಿ ತೂತುಗಳಿವೆ. ಅಲ್ಲಾಡಿಸಿದಂತೆಲ್ಲ ಸುಣ್ಣದ ಪುಡಿ ದಾರದ ಗುಂಟ ಬೀಳುತ್ತದೆ. ಮುಂದಕ್ಕೆ ನಡೆದರೆ ತಾನು ಹಾಕಿದ ಗೆರೆಯನ್ನು ತಾನೇ ತುಳಿಯಬೇಕು.

“ಗೆರೆ ಹಾಕೋಕೆ ಚಕ್ರದ ಗಾಡಿ ಕೊಡಿಸ್ತೀವಿ ಅಂತ ಕ್ಲಬ್ಬಿನವರು ಹೇಳ್ತಾನೇ ಇದ್ದಾರೆ. ಅದು ಬರೋ ಹೊತ್ತಿಗೆ ನನ್ನನ್ನೇ ಕೂರಿಸಿ ತಳ್ಳಬೇಕಾಗುತ್ತೆ.”

ಮೊದಲು ಮನೆಗಳ ಗೋಡೆಗೆ ಸುಣ್ಣ ಬಳಿಯುತ್ತಿದ್ದರಂತೆ. ಏಣಿಯಿಂದ ಬಿದ್ದು ಕಾಲು ಮುರಿಯಿತು. “ಏಣಿ ಸಾಕು ಅಂತು, ನೆಲ ಬಾ ಅಂತು.” ಅಂದಿನಿಂದ ಈ ಮೈದಾನವೇ ಗತಿ. ದಿನಕ್ಕೊಂದು ಚೀಲ ಸುಣ್ಣ, ಪಂದ್ಯವಿದ್ದರೆ ಎರಡು. ಅಂಗೈ ಬಿರಿದಿದೆ. ಕಣ್ಣು ಸದಾ ಕೆಂಪು. “ನಿಮ್ಮ ಗೆರೆ ಒಂದೇ ನೆಟ್ಟಗೆ, ಮಿಕ್ಕಿದ್ದೆಲ್ಲ ಸೊಟ್ಟ ಅಂತಾಳೆ ನನ್ನ ಹೆಂಡತಿ,” ಎನ್ನುತ್ತಾರೆ. ನಗುವುದಿಲ್ಲ.

ಗೇಟಿನ ಪಕ್ಕದ ಚಹಾ ಅಂಗಡಿಯಲ್ಲಿ ಆಗಲೇ ಜನ ಸೇರಿದ್ದಾರೆ; ಅವರ ಮಾತು ನಮಗೂ ಕೇಳುತ್ತದೆ. ನಾನು ಯಾರೆಂದು ಅವರಿಗೆ ಗೊತ್ತಿಲ್ಲ.

“ಕಾಲು ಕೊಟ್ಟಿದ್ದು ಬಾಕ್ಸ್ ಹೊರಗೆ ಕಣೋ! ಕುರುಡನಿಗೂ ಕಾಣ್ತಿತ್ತು.”

“ಗೆರೆ ಮೇಲಾದ್ರೂ ಒಳಗೇ ಲೆಕ್ಕ, ಪೆನಾಲ್ಟಿನೇ. ಮೊದ್ಲು ನಿಯಮ ಓದು, ಆಮೇಲೆ ಕಿರುಚು.”

“ಓದಿದ್ದೀನಪ್ಪ. ರೆಫರಿ ಎಷ್ಟು ತಿಂದ ಅಂತ ಅದರಲ್ಲಿ ಬರೆದಿಲ್ಲ.”

“ಬಿಡೋ, ಸತ್ತೋರ ಬಗ್ಗೆ ಹಾಗೆಲ್ಲ ಅನ್ಬಾರ್ದು.”

“ಸತ್ರೆ ಪೆನಾಲ್ಟಿ ವಾಪಸ್ ಬರುತ್ತಾ?”

ಆ ರೆಫರಿ ನನ್ನ ಗಂಡ. ಪಂದ್ಯ ಮುಗಿಯುವ ಹೊತ್ತಿಗೆ ಗೋಲಿನ ಮುಂದಿನ ಬಾಕ್ಸಿನ ಅಂಚಿನಲ್ಲಿ ನಮ್ಮೂರ ಆಟಗಾರ ಕಾಲು ಕೊಟ್ಟಿದ್ದಕ್ಕೆ ಎದುರು ತಂಡಕ್ಕೆ ಪೆನಾಲ್ಟಿ ಕೊಟ್ಟರು. ಊರಿನ ತಂಡ ಸೋತಿತು. ಅದೇ ವಾರ ಎದೆನೋವು ಬಂದು ತೀರಿಕೊಂಡರು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು ಡಾಕ್ಟರು. ನಾನು ಏನೂ ಕೇಳಿರಲಿಲ್ಲ.

ಇವತ್ತು ಸಂಜೆ ಕ್ಲಬ್ಬಿನ ಸಭೆ ಇದೆ ಎನ್ನುತ್ತಾರೆ ಸುಣ್ಣದಣ್ಣ. ಗೆರೆ ಸೊಟ್ಟಗಿತ್ತು ಎಂದು ಸುಣ್ಣದಣ್ಣ ಒಪ್ಪಿಕೊಂಡರೆ ಫೈನಲ್ ಮತ್ತೆ ಆಡಿಸಬಹುದು. ಕಾರ್ಯದರ್ಶಿ ನಿನ್ನೆ ಅವರ ಮನೆಗೇ ಹೋಗಿ ಹೀಗೆ ಹೇಳಿ ಬಂದಿದ್ದಾರೆ.

“ಹೇಳ್ಬಿಡ್ತೀನಿ ಮಗಳೇ. ತಪ್ಪು ನಂದು ಅಂತಾಗುತ್ತೆ. ಇವರ ಬಾಯಿ ಮುಚ್ಚುತ್ತೆ. ಸಾರ್ ಹೆಸರು ಉಳಿಯುತ್ತೆ.”

“ನಿಮ್ಮ ಕೆಲಸ?”

“ಸೊಟ್ಟ ಗೆರೆ ಹಾಕೋನನ್ನ ಯಾರು ಇಟ್ಕೋತಾರೆ?”

“ಸೊಟ್ಟಗಿತ್ತಾ ಅಣ್ಣ?”

ಅವರು ಡಬ್ಬಿಯನ್ನು ಕೆಳಗಿಡುತ್ತಾರೆ.

“ಇಲ್ಲಮ್ಮ. ಫೈನಲ್ ಅಂತ ಅವತ್ತು ದಾರ ಎರಡು ಸಲ ಕಟ್ಟಿದ್ದೆ.”

“ಹಾಗಾದ್ರೆ ಹೇಳ್ಬೇಡಿ.”

“ಇವರು ಬಯ್ಯೋದು ನಿಲ್ಸಲ್ಲ ಕಣಮ್ಮ.”

“ಬೈಲಿ. ನಮ್ಮನೆಯವರು ನಿಮ್ಮ ಗೆರೆ ನಂಬಿಯೇ ಸೀಟಿ ಊದಿದ್ದು.”

ಅವರು ತಲೆ ತಗ್ಗಿಸಿ ಉಗುರಿನ ಸಂದಿಯ ಸುಣ್ಣ ಕೆರೆಯುತ್ತಾರೆ. ಈ ಕೆಲಸದಲ್ಲಿ ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. “ಗೆರೆ ಯಾರ ಕಣ್ಣಿಗೂ ಬೀಳಬಾರ್ದು. ಬಿತ್ತು ಅಂದ್ರೆ ಅಲ್ಲಿ ಜಗಳ ಶುರುವಾಯ್ತು ಅಂತ ಅರ್ಥ. ಅಷ್ಟೇ.”

ಸೀಟಿ ಕೊಡುತ್ತೇನೆ. ಅವರು ಲೇಸಿನ ಗಂಟನ್ನು ಮುಟ್ಟಿ ನೋಡುತ್ತಾರೆ. ಆ ಗಂಟು ನನ್ನ ಗಂಡ ಹಾಕಿದ್ದು. ಬಿಚ್ಚದೆ ಹಾಗೇ ಕೊರಳಿಗೆ ಹಾಕಿಕೊಳ್ಳುತ್ತಾರೆ.

“ನಾಯಿ ಓಡ್ಸೋ ಪೀಪಿ ಇದು. ಸಾರ್ ಫೈನಲ್‌ಗೆ ಬೇಕು ಅಂದಾಗ ನಾಚಿಕೆ ಆಗಿತ್ತು ನಂಗೆ.”

ಅಷ್ಟರಲ್ಲೇ ಗೇಟಿನ ಸಂದಿಯಿಂದ ನಾಯಿಯೊಂದು ನುಸುಳಿ ಹೊಸ ಗೆರೆಯತ್ತ ಓಡುತ್ತದೆ. ಸುಣ್ಣದಣ್ಣ ಊದುತ್ತಾರೆ. ನಾಯಿ ನಿಲ್ಲುತ್ತದೆ. ಚಹಾ ಅಂಗಡಿಯವರೂ ಮಾತು ನಿಲ್ಲಿಸಿ ಇತ್ತ ತಿರುಗುತ್ತಾರೆ. ಪೆನಾಲ್ಟಿ ಕೊಟ್ಟ ಅವತ್ತಿನದೇ ಸದ್ದು.