ಕಾಯಿ ಕಾಯ್ತು, ಬಿಜಾಗರಿ ಬಿಡ್ತು

ಒಂದು ಕಾಯಿಹೋಳು ಉರುಳದೇ ಹೋಗಿದ್ದರೆ, ಈ ವಾರ ಅಂಕಣ ಬರೆಯುವ ಸ್ಥಿತಿಯಲ್ಲಿ ನಾನಿರುತ್ತಿರಲಿಲ್ಲ.

ಮೊನ್ನೆ ಅಮಾವಾಸ್ಯೆ. ಸವದತ್ತಿಯ ನಮ್ಮ ಮನೆಯಲ್ಲಿ ಅಮಾವಾಸ್ಯೆ ಬಂದರೆ ಗೇಟಿಗೂ ಪೂಜೆ. ಅತ್ತೆ ಗೇಟಿನ ಬುಡದಲ್ಲಿ ಕುಳಿತು ಅರಿಶಿನ ಕುಂಕುಮ ಹಚ್ಚಿದರು. ಕೆಳಗಿನ ಬಿಜಾಗರಿಯ (ಗೇಟು ತಿರುಗುವ ಕೀಲು) ಮೇಲೆಯೇ ಟಪ್ಪನೆ ಕಾಯಿ ಒಡೆದರು. ಒಂದು ಹೋಳು ಕೈತಪ್ಪಿ ಉರುಳಿತು.

"ಏಯ್, ಎಲ್ಲಿ ಓಡಾಕ ಹತ್ತೀಯೋ, ನಿಲ್ಲೋ!" ಎಂದು ಹೋಳನ್ನೇ ಬೈಯುತ್ತ ಅತ್ತೆ ಅದರ ಹಿಂದೆ ಹೋದರು.

ಧಡಾರ್!

ಅವರು ಕುಳಿತಿದ್ದ ಜಾಗದಲ್ಲಿ ಗೇಟು ಮಲಗಿತ್ತು. ಅಡಿಯಲ್ಲಿ ಆರತಿ ತಟ್ಟೆ ಹಪ್ಪಳವಾಗಿತ್ತು. ನಾನು ಚಹಾ ಕಪ್ಪು ಹಿಡಿದು ಕಟ್ಟೆಯ ಮೇಲಿದ್ದೆ. ಕೂಗಿದೆನಾ? ನೆನಪಿಲ್ಲ. ಈಗಲೂ ಅಡುಗೆಮನೆಯಲ್ಲಿ ಪಾತ್ರೆ ಬಿದ್ದರೆ ಎದ್ದು ಅಂಗಳಕ್ಕೆ ಓಡುತ್ತೇನೆ.

ಓಣಿ ಕೂಡಿತು. "ಕಾಯಿ ಕಾಯ್ತು ನೋಡ್ರಿ!" ಎಂದರು ಎದುರುಮನೆ ನೀಲವ್ವ. ಎಲ್ಲರೂ ಕೈಮುಗಿದರು. (ನಾನೂ.)

ಆಮೇಲೆ ವೆಲ್ಡಿಂಗ್ ಅಂಗಡಿಯ ಇಮಾಮಸಾಬರು ಬಂದರು. ದಸರೆಗೆ ಇದೇ ಗೇಟಿಗೆ ಗೋಲ್ಡನ್ ಪೇಂಟ್ ಬಳಿದವರು. ಬಿಜಾಗರಿಗೆ ಸುತ್ತಿಗೆ ತಾಗಿಸಿದರೆ ಬಂಗಾರದ ಸಿಪ್ಪೆ ಉದುರಿತು. ಒಳಗೆ ಕಬ್ಬಿಣವೇ ಇಲ್ಲ, ಬರೀ ಕೆಂಪು ಪುಡಿ! ದಿನಾ ತೊಳೆಯುವ ನೀರು, ಅಮಾವಾಸ್ಯೆಗೊಮ್ಮೆ ಕಾಯಿಯ ನೀರು. ತಿನ್ನದೇ ಬಿಡುತ್ತದೆಯೇ?

"ತುಕ್ಕಿನ ಮ್ಯಾಲೇ ಬಣ್ಣಾ ಹೊಡದೀರೇನ್ರಿ?" ಎಂದೆ.

"ಹಬ್ಬ ಬಂತು, ತಿಕ್ಕೋದು ಗಿಕ್ಕೋದು ಬ್ಯಾಡ, ಲಗೂ ಹೊಡದ ಬಿಡು ಅಂದವ್ರ ಯಾರ್ರಿ ಅಕ್ಕಾರ?"

ಅತ್ತೆ ಎಲ್ಲಮ್ಮನ ಗುಡ್ಡದ ಕಡೆ ನೋಡತೊಡಗಿದರು.

ಹೊಸ ಬಿಜಾಗರಿಗೆ ಏನು ಹಚ್ಚಿಸೋಣ? ನನಗೋ ಹುಚ್ಚು ಹಿಡಿದಿತ್ತು! ಬೆಳಗಾವಿಗೆ ಫೋನ್, ಹುಬ್ಬಳ್ಳಿಗೆ ಫೋನ್. ಪೌಡರ್ ಕೋಟಿಂಗ್ (ಬಣ್ಣದ ಪುಡಿ ಸಿಂಪಡಿಸಿ ಕಾಯಿಸಿ ಕೂರಿಸುವುದು) ಚೆಂದ, ಗೇಟಿನ ಮೈಗೆ ಸರಿ. ಆದರೆ ಬಿಜಾಗರಿಯಲ್ಲಿ ಲೋಹಕ್ಕೆ ಲೋಹ ಉಜ್ಜುತ್ತದೆ, ಅಲ್ಲಿ ಎಂಥ ಬಣ್ಣವೂ ನಿಲ್ಲದು. ಅದಕ್ಕೆ ಗ್ಯಾಲ್ವನೈಸಿಂಗ್ ಬೇಕು, ಅಂದರೆ ಕರಗಿದ ಸತುವಿನಲ್ಲಿ ಅದ್ದಿ ತೆಗೆಯುವುದು. ಸಣ್ಣ ಗೀರು ಬಿದ್ದರೂ ಸತು ತಾನು ಮೊದಲು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಎಂಥ ಲೋಹ ಮಾರಾಯ್ರೆ!

ತರಿಸಿಯೇ ಬಿಟ್ಟೆ. ಹೊಳಪಿಲ್ಲ, ಬೂದು ಬಣ್ಣ.

"ಇದೇನವಾ, ಬೂದಿ ಬಡದಂಗ ಐತಿ! ಮಂದಿ ಏನಂದಾರು?" ಅತ್ತೆ ಮುಖ ಸಿಂಡರಿಸಿದರು. "ಗೋಲ್ಡನ್ನೇ ಇರ್ಲಿ."

ನನಗೆ ಸಿಟ್ಟು ಬಂತು. "ನಿಮ್ಮ ಜೀವಾ ಹೋಗತಿತ್ರಿ ಅತ್ತಿ!" ಎಂದೆ.

ಅತ್ತೆ ನನ್ನ ಮುಖ ನೋಡಿದರು. ಬಿಜಾಗರಿಯ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ಹಣೆಯ ವಿಭೂತಿ ಮುಟ್ಟಿಕೊಂಡು, "ಇರ್ಲಿ ಬಿಡ. ಇದನ್ನರ ನಾ ಚೆಂದ ಕಾಣಾಕಂತ ಹಚ್ಕೋತೇನೇನು?" ಎಂದರು.

ಬಿಜಾಗರಿ ಕೂತಿತು. ಇನ್ನು ಕಾಯಿ ಒಡೆಯುವುದು ಪಕ್ಕದ ಕಲ್ಲಿನ ಮೇಲೆ. ನೀಲವ್ವ ಮಾತ್ರ ತಮ್ಮ ಗೇಟಿನ ಬುಡದಲ್ಲೇ ಒಡೆಯುತ್ತಾರೆ. "ಏನಾಗೂದಿಲ್ಲ ತಗೋರಿ, ಕಾಯಿ ಕಾಯತೈತಿ" ಅಂತಾರೆ.

ಕಾಯಿ ಕಾಯ್ತು, ಖರೆ. ಆದರೆ ಪ್ರತಿ ಅಮಾವಾಸ್ಯೆಗೂ ಹೋಳು ಉರುಳುತ್ತದೆಯೇ?